ಊರಲ್ಲಿಲ್ಲ ಎಂದು ಹೇಳಿಸಿದವನು

ಮಾದು, ನಿನ್ನ ಹೆಸರನ್ನು ಪೊಲೀಸರಿಗೆ ಹೇಳಿದವನು ನಾನೇ. ಬೇರೆ ಯಾರೂ ಅಲ್ಲ. 'ನಾಗಣ್ಣ ಬಂದು ಒಂದು ಮಾತು ಹೇಳಿದರೆ ನಾನು ಬಚಾವು' ಅಂತ ನೀನು ಯಾರ ದಾರಿ ಕಾದೆಯೋ, ಆ ನಾಗಣ್ಣನೇ. ಈ ಒಂದು ಮಾತು ಬರೆಯುವುದಕ್ಕೆ ನನಗೆ ಇಷ್ಟು ವರ್ಷ ಹಿಡಿಯಿತು. ಈಗಲೂ ಹೊರಗೆ ಜೀಪು ನಿಂತ ಸದ್ದಾದರೆ ಪೆನ್ನು ಕೆಳಗಿಟ್ಟು ಕಿವಿಗೊಡುತ್ತೇನೆ. ನಾನು ಹೆದರುಪುಕ್ಕಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ತೊಂಬತ್ತರ ದಶಕದ ಮಾತು. ನಂಜನಗೂಡಿನ ಬಸ್ ಸ್ಟ್ಯಾಂಡ್ ಹತ್ತಿರ ನನ್ನ ಮೋಟಾರ್ ವೈಂಡಿಂಗ್ ಅಂಗಡಿ ಇತ್ತಲ್ಲ. ರೈತರ ಪಂಪ್‌ಸೆಟ್ ಮೋಟಾರು ಸುಟ್ಟುಹೋದರೆ ಅದಕ್ಕೆ ಹೊಸದಾಗಿ ತಾಮ್ರದ ತಂತಿ ಸುತ್ತಿ ಕೊಡುವುದು ನನ್ನ ಕಸುಬು. ಬಸ್ಸಿನ ಮೇಲೆ ಬಂದ ಮೋಟಾರುಗಳನ್ನು ಹೆಗಲ ಮೇಲೆ ಹೊತ್ತು ತಂದಿಳಿಸುವುದು ನಿನ್ನ ಕೆಲಸ. ಮೂಗೂರಿನಿಂದ ಕೂಲಿಗೆ ಬಂದಿದ್ದ ಹಮಾಲಿ ನೀನು, ಆದರೂ ನಗಿಸುವುದರಲ್ಲಿ ಒಂದು ಕೈ ಮೇಲೆ. "ನಾಗಣ್ಣ, ನಿಮ್ ಮಗ ಬಂದವ್ನೆ, ಮೈ ಸುಟ್ಕಂಡವ್ನೆ, ಇಳಿಸ್ಕಳಿ" ಅನ್ನುತ್ತಿದ್ದೆ. ಹಾಗೆಲ್ಲ ನಗಿಸುತ್ತಿದ್ದವನ ಮೇಲೆ ನಾನು —

ಆ ದಿನ ನೀನು ಗೋಣಿಚೀಲದಲ್ಲಿ ಸುತ್ತಿದ್ದ ಒಂದು ಮೋಟಾರು ತಂದಿಳಿಸಿದೆ. ನಿನ್ನ ಹಿಂದೆ ಬಂದವನು ಮಲ್ಲೇಶ. ನಿನಗೆ ಅವನು ಯಾರೋ ಗಿರಾಕಿ. ನನಗೆ ಹೆಂಡತಿಯ ಒಡಹುಟ್ಟಿದ ತಮ್ಮ. "ನಮ್ ಜಮೀನುದ್ದೇ, ಸುಟ್ಟೋಯ್ತು, ಸುತ್ಕೊಡಿ" ಅಂದ. ನೀನು ಕೂಲಿ ಈಸಿಕೊಂಡು ಹೋದ ಮೇಲೆ ಚೀಲ ಬಿಚ್ಚಿದೆ. ಮೋಟಾರಿನ ಮೈಮೇಲೆ ಕೆಂಪು ಬಣ್ಣದಲ್ಲಿ ನನ್ನದೇ ಗುರುತು. ಹಿಂದಿನ ಬೇಸಿಗೆಯಲ್ಲಿ ತಗಡೂರು ಕಡೆಯ ರೈತರೊಬ್ಬರಿಗೆ ನಾನೇ ಸುತ್ತಿಕೊಟ್ಟಿದ್ದ ಮೋಟಾರು ಅದು. "ಏನ್ಲಾ ಇದು?" ಅಂದೆ. ಮಲ್ಲೇಶ ಕಾಲು ಹಿಡಿದುಕೊಂಡ. ಕತ್ತಲಾದ ಮೇಲೆ ತೆಗೆದುಕೊಂಡು ಹೋಗಿ ಇದ್ದ ಜಾಗದಲ್ಲೇ ಇಟ್ಟುಬರುತ್ತೇನೆ ಅಂತ ಅತ್ತ. ನಾನೂ ಒಪ್ಪಿದೆ. ಆದರೆ ಕತ್ತಲಾಗುವ ಮುಂಚೆಯೇ ಆ ರೈತರು ಪೇದೆಯನ್ನು ಕರೆದುಕೊಂಡು ವೈಂಡಿಂಗ್ ಅಂಗಡಿಗಳನ್ನೆಲ್ಲ ಹುಡುಕುತ್ತಾ ನನ್ನ ಅಂಗಡಿಗೂ ಬಂದರು.

"ಇದನ್ನ ನಿನ್‌ತಾವ ಕೊಟ್ಟೋನು ಯಾರು?" ಅಂತ ಪೇದೆ ಕೇಳಿದ. ಹೊಡೆಯಲಿಲ್ಲ, ಬಡಿಯಲಿಲ್ಲ, ಬರೀ ಕೇಳಿದ. ಕದ್ದ ಮಾಲು ಇಟ್ಟುಕೊಂಡವನೂ ಕಳ್ಳನೇ ಅಂತ ಕೇಳಿದ್ದೆ. ಮನೆಯಲ್ಲಿ ನನ್ನ ಹೆಂಡತಿ ಗೌರಿ, ಇನ್ನೂ ಸ್ಕೂಲಿಗೆ ಹೋಗುತ್ತಿದ್ದ ಮಗಳು, ಅಂಗಡಿಯ ಪರದೆಯ ಹಿಂದೆ ಮಲ್ಲೇಶ. ಯಾರ ಹೆಸರು ಹೇಳಿದರೆ ಯಾರೂ ಬಂದು ಕೇಳುವುದಿಲ್ಲ — ನನ್ನ ತಲೆ ಹುಡುಕಿದ್ದು ಅದನ್ನೇ, ಮಾದು. ಅದಕ್ಕೆ ಸಿಕ್ಕಿದ್ದು ನೀನು.

"ಮಾದು" ಅಂದೆ. "ಹಮಾಲಿ ಮಾದು."

ನಿನ್ನನ್ನು ಟೀ ಅಂಗಡಿಯ ಹತ್ತಿರ ಹಿಡಿದು ನನ್ನ ಅಂಗಡಿಯ ಮುಂದೆಯೇ ಕರೆದುಕೊಂಡು ಹೋದರು. ನೀನು ಕೂಗಿದೆ: "ನಾಗಣ್ಣ, ನೀವೇ ಏಳಿ ಇವ್ರುಗೆ! ಯಾರೋ ಕೊಟ್ಟುದ್ನ ನಾ ಬರೀ ಒತ್ಕಂಡ್ ಬಂದೋನು ಅಂತ ಏಳಿ ನಾಗಣ್ಣ!" ನಾನು ಬೆನ್ನು ತಿರುಗಿಸಿಕೊಂಡು ತಂತಿ ಸುತ್ತುವ ಯಂತ್ರದ ಹಿಡಿಯನ್ನು ಗರಗರ ತಿರುಗಿಸುತ್ತಾ ಕೂತಿದ್ದೆ. ಅದಕ್ಕೆ ತಂತಿಯನ್ನೇ ಏರಿಸಿರಲಿಲ್ಲ.

ಕೇಸು ಕೋರ್ಟಿಗೆ ಹೋಯಿತು. ನಾನು ಸಾಕ್ಷಿ. ಸಮನ್ಸ್ ಹಿಡಿದು ಪೇದೆ ಮನೆಗೆ ಬಂದಾಗ ನಾನು ಬಾಗಿಲ ಹಿಂದೆ ಉಸಿರು ಬಿಗಿ ಹಿಡಿದು ನಿಂತಿದ್ದೆ. ಏನು ಹೇಳಬೇಕು ಅಂತ ಗೌರಿಗೆ ನಾನೇ ಕಲಿಸಿದ್ದೆ. "ಅವ್ರು ಊರಲ್ಲಿಲ್ಲ ಸಾ, ಯಾವಾಗ್ ಬತ್ತರೋ ಗೊತ್ತಿಲ್ಲ" ಅಂದಳು. ಪೇದೆ ಹೋದ. ಆಮೇಲೆ ಇನ್ನೊಂದು ಸಲ ಬಂದ, ಮತ್ತೊಂದು ಸಲ ಬಂದ. ಅದೇ ಬಾಗಿಲು, ಅದೇ ಮಾತು.

ಹೋಗಿ ನಿಜ ಹೇಳಿದರೆ ಮಲ್ಲೇಶ ಒಳಗೆ, ಸುಳ್ಳು ಹೇಳಿದ್ದಕ್ಕೆ ಅವನ ಜೊತೆಗೆ ನಾನೂ ಒಳಗೆ. ಸುಳ್ಳನ್ನೇ ಮತ್ತೆ ಹೇಳೋಣವೆಂದರೆ, ಪ್ರಮಾಣ ಮಾಡಿ, ಕಟಕಟೆಯಲ್ಲಿ ನಿಂತು, ಎದುರಿಗೆ ನಿನ್ನ ಮುಖ. ಅದೂ ನನ್ನ ಕೈಲಾಗುತ್ತಿರಲಿಲ್ಲ. ಆಗ ಟೀ ಅಂಗಡಿಯಲ್ಲಿ ಯಾರೋ ಒಬ್ಬರು, "ಸಾಕ್ಷಿ ಬರ್ನಿಲ್ಲ ಅಂದ್ರೆ ಕೇಸೇ ಬಿದ್ದೋಯ್ತದೆ ಕಣ್ರೀ, ಆಸಾಮಿ ಆಚೆಗ್ ಬತ್ತನೆ" ಅಂದರು. ಆ ಮಾತು ನನಗೆ ಸಿಹಿಯಾಗಿ ಕೇಳಿಸಿತು. ಸರಿ, ನಾನು ಹೋಗದೇ ಇರುವುದೇ ಮಾದುವಿಗೆ ಒಳ್ಳೆಯದು ಅಂದುಕೊಂಡೆ. ಅಡಗಿ ಕೂತವನು ಉಪಕಾರ ಮಾಡುತ್ತಿದ್ದೇನೆ ಅಂದುಕೊಂಡೆ! ಥೂ, ನನ್ನ ಜನ್ಮಕ್ಕಿಷ್ಟು.

ಆಮೇಲೆ ವಾರಂಟ್ ಆಯಿತು. "ಈಗ ಸಿಕ್ಕುದ್ರೆ ಎಳ್ಕೊಂಡೇ ಓಗೋದು" ಅಂತ ಪೇದೆ ನನಗೆ ಅಂಗಡಿ ಬಾಡಿಗೆಗೆ ಕೊಟ್ಟಿದ್ದ ಮಾಲೀಕರ ಹತ್ತಿರ ಹೇಳಿ ಹೋದನಂತೆ. ವಾರಂಟ್ ಅಂದರೆ ಏನು, ಸಾಕ್ಷಿಗೂ ಕಳ್ಳನಿಗೂ ಒಂದೇ ವಾರಂಟೇ, ಒಂದನ್ನೂ ವಿಚಾರಿಸಲಿಲ್ಲ. ಕೋರ್ಟಿಗೆ ಹೋದರೆ ಗೆದ್ದವನು ಸೋತ, ಸೋತವನು ಸತ್ತ ಅಂತ ನಮ್ಮಪ್ಪ ಹೇಳುತ್ತಿದ್ದ ಮಾತೊಂದೇ ನನಗೆ ಗೊತ್ತಿದ್ದ ಕಾನೂನು. ಮಾರನೆಯ ದಿನವೇ ತಲಕಾಡಿನಲ್ಲಿದ್ದ ಅಕ್ಕನ ಮನೆ ಸೇರಿಕೊಂಡೆ. ಆಮೇಲೆ ಹೆಂಡತಿ ಮಗಳನ್ನು ಕರೆಸಿಕೊಂಡು ತಿ. ನರಸೀಪುರದಲ್ಲಿ ಅಂಗಡಿ ಹಾಕಿದೆ. ಬೋರ್ಡಿನ ಮೇಲೆ ನನ್ನ ಹೆಸರು ಬರೆಸಲಿಲ್ಲ, ಮಗಳ ಹೆಸರು ಬರೆಸಿದೆ.

ಅಲ್ಲಿಂದ ಮುಂದಿನ ನನ್ನ ಬದುಕು ಬದುಕಲ್ಲ. ಬಸ್ ಕಂಡಕ್ಟರನ ಖಾಕಿ ಅಂಗಿ ಕಂಡರೂ ಪಕ್ಕದ ಸಂದಿಗೆ ನುಗ್ಗುತ್ತಿದ್ದೆ. ಅಂಚೆಯವನು ಬಂದರೆ ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದೆ. ಗೌರಿ ನಂಜುಂಡೇಶ್ವರನಿಗೆ ಹರಕೆ ಹೊತ್ತಿದ್ದಳು. ಅದನ್ನು ತೀರಿಸುವುದಕ್ಕೂ ತಾಯಿ ಮಗಳನ್ನು ಬಸ್ಸು ಹತ್ತಿಸಿ ನಾನು ಮನೆಯಲ್ಲೇ ಉಳಿದೆ. ಕಪಿಲಾ ಹೊಳೆಯಲ್ಲಿ ಮುಳುಗೆದ್ದು ಬೆಳೆದವನು ನಂಜನಗೂಡಿಗೆ ಕಾಲಿಡಲಿಲ್ಲ. ಕಳ್ಳನ ಮನಸ್ಸು ಹುಳ್ಳಗೆ ಅನ್ನುತ್ತಾರಲ್ಲ, ಕದ್ದವನು ಮಲ್ಲೇಶನಾದರೂ ಹುಳ್ಳಗಾಗಿದ್ದು ನನ್ನದೇ. ನೀನು ಏನಾದೆ ಅಂತ ಒಬ್ಬರನ್ನೂ ಕೇಳಲಿಲ್ಲ. ಬಿಡುಗಡೆ ಆಗಿರುತ್ತಾನೆ, ಆಗಿಯೇ ಇರುತ್ತಾನೆ — ಹೀಗೆ ನನಗೆ ನಾನೇ ಹೇಳಿಕೊಂಡು ಮಲಗುತ್ತಿದ್ದೆ.

ಮಗಳ ಮದುವೆ ಗೊತ್ತಾಯಿತು. ಗಂಡಿನ ಕಡೆಯವರು ನಂಜನಗೂಡಿನವರು. ಛತ್ರವೂ ಅಲ್ಲೇ ಅಂದರು. ಧಾರೆ ಎರೆಯುತ್ತಿರುವಾಗ ಪೊಲೀಸರು ಬಂದು ಕೈ ಹಿಡಿದರೆ? ಬೀಗರ ಮುಂದೆ, ನನ್ನ ಮಗಳ ಮುಂದೆ? ಗೌರಿಯೇ ಕೊನೆಗೆ ರೇಗಿದಳು. "ಓಗಿ ವಿಚಾರ್ಸ್ಕೊಂಡ್ ಬನ್ನಿ. ಜೈಲಾದ್ರೆ ಈಗ್ಲೇ ಆಗ್ಲಿ, ಮದ್ವೆ ಮುಂದಕ್ ಆಕುದ್ರಾಯ್ತು. ಬಾಗ್ಲಿಂದೆ ನಿಂತ್ಕಳ್ಳೋ ಗಂಡನ್ನ ನೋಡಿ ನೋಡಿ ನಂಗೂ ಸಾಕಾಗೈತೆ."

ಕೈಚೀಲದಲ್ಲಿ ಒಂದು ಲುಂಗಿ, ಟವೆಲ್ಲು, ಬಿಪಿ ಮಾತ್ರೆ ಇಟ್ಟುಕೊಂಡು ಹೋದೆ — ವಾಪಸ್ಸು ಬರುತ್ತೇನೆಂಬ ನಂಬಿಕೆ ಇರಲಿಲ್ಲ. ಪರಿಚಯದವರು ಹೇಳಿದ್ದ ವಕೀಲರ ಮುಂದೆ ಎಲ್ಲವನ್ನೂ ಅಲ್ಲ, ಅರ್ಧ ಮಾತ್ರ ಹೇಳಿದೆ. ಅವರು ನಕ್ಕರು. "ಸಾಕ್ಷಿಗೆ ವಾರಂಟ್ ಆದ್ರೆ ಇಷ್ಟು ಹೆದರ್ತಾರೇನ್ರೀ? ಬಂದು ಹಾಜರಾಗಿ, ತಪ್ಪಾಯ್ತು ಅಂತ ಒಂದು ಅರ್ಜಿ ಕೊಟ್ಟಿದ್ರೆ ಅವತ್ತೇ ರದ್ದು ಮಾಡೋರು. ಹೆಚ್ಚು ಅಂದ್ರೆ ದಂಡ" ಅಂದರು. ನನ್ನನ್ನು ಹುಣಸೆಮರದ ಕೆಳಗೆ ಕೂರಿಸಿ ಕೋರ್ಟಿನ ಕಚೇರಿಯೊಳಗೆ ಹೋದರು. ನನ್ನ ಪಕ್ಕದಲ್ಲಿ ಒಬ್ಬ ಪೇದೆ ಕಡಲೆಕಾಯಿ ತಿನ್ನುತ್ತಿದ್ದ. "ತಗಳಿ ಯಜಮಾನ್ರೆ" ಅಂತ ನನಗೂ ನಾಲ್ಕು ಕೊಟ್ಟ. ನುಂಗಲಾಗದೆ ಅವು ಬಾಯಲ್ಲೇ ಉಳಿದವು.

ವಕೀಲರು ಬಂದು, "ಯಾವ ವಾರಂಟೂ ಇಲ್ಲ, ಕೇಸೇ ಮುಗಿದು ಕಾಲ ಆಯ್ತು. ಮನೆಗೆ ಹೋಗಿ ಮದ್ವೆ ಮಾಡಿ" ಅಂದರು. ನನಗೆ ಮೊದಲು ಆದದ್ದು ಸಂತೋಷ, ಮಾದು. ಅದನ್ನೂ ಮುಚ್ಚಿಡುವುದಿಲ್ಲ. ಆಮೇಲೆ ಕೇಳಿದೆ: "ಹಂಗಾದ್ರೆ ಆ ಹಮಾಲಿ ಬಿಡುಗಡೆ ಆದ್ನಾ ಸಾ?"

"ಎಲ್ಲಿ ಬಿಡುಗಡೆ? ತಪ್ಪು ಒಪ್ಕೊಂಡ್ಬಿಟ್ಟ" ಅಂದರು. ನಿನಗೆ ಜಾಮೀನು ಕೊಡಲು ಯಾರೂ ಇರಲಿಲ್ಲವಂತೆ. ಪ್ರತಿ ಸಲ ಜೈಲಿನಿಂದ ನಿನ್ನನ್ನು ಕರೆದುಕೊಂಡು ಬರುವುದು, ಸಾಕ್ಷಿ ಇಲ್ಲ ಅನ್ನುವುದು, ಕೇಸು ಮುಂದಕ್ಕೆ ಹೋಗುವುದು, ನಿನ್ನನ್ನು ವಾಪಸ್ಸು ಜೈಲಿಗೆ ಕಳಿಸುವುದು. ವರ್ಷದ ಮೇಲೂ ಹೀಗೇ ನಡೆದು, ಒಪ್ಪಿಕೊಂಡರೆ ಒಳಗಿದ್ದಷ್ಟೇ ಶಿಕ್ಷೆ, ಅವತ್ತೇ ಮನೆಗೆ ಹೋಗಬಹುದು ಅಂತ ತಿಳಿದಾಗ ನೀನು ಒಪ್ಪಿಕೊಂಡೆ. ಮಾಡದ ಕಳ್ಳತನವನ್ನು ಮಾಡಿದೆ ಅಂದೆ.

"ಸಾಕ್ಷಿ ಬರದಿದ್ರೆ ಬಿಟ್ಬಿಡ್ತಾರೆ ಅಂತಿದ್ರು" ಅಂದೆ.

"ಕೊನೆಗೆ ಬಿಡ್ತಾರೆ ಕಣ್ರೀ. ಆ ಕೊನೆ ಬರೋವರೆಗೂ ಒಳಗೆ ಕೂರೋನು ಅವನಲ್ವಾ?"

ಮದುವೆ ಆಯಿತು. ಸೋದರಮಾವನೇ ಹೆಣ್ಣನ್ನು ಮಂಟಪಕ್ಕೆ ಕರೆತರಬೇಕು. ಮಲ್ಲೇಶ ಜರತಾರಿ ಪೇಟ ಸುತ್ತಿಕೊಂಡು ನನ್ನ ಮಗಳ ಕೈ ಹಿಡಿದು ಬಂದ. ಎಲ್ಲರೂ ಅಕ್ಷತೆ ಹಾಕಿದರು, ನಾನೂ ಹಾಕಿದೆ. ಯಾವ ಪೊಲೀಸರೂ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು ಅನ್ನಿಸಿತು — ಇಷ್ಟು ವರ್ಷದಲ್ಲಿ ಮೊದಲ ಸಲ.

ಹೋದ ವಾರ ಮೂಗೂರಿಗೆ ಬಂದಿದ್ದೆ. ಬಿಳಿ ಷರಟು, ಪ್ಯಾಂಟು ಹಾಕಿಕೊಂಡಿದ್ದೆ. ಮಾದು ಮನೆ ಯಾವುದು ಅಂತ ಕೇಳಿದರೆ, "ಯಾವ್ ಮಾದು? ಮೋಟ್ರು ಕದ್ದ ಮಾದುನಾ?" ಅಂದ ಅಂಗಡಿಯವನು. ಸುತ್ತಮುತ್ತ ಎಲ್ಲಿ ಮೋಟಾರು ಕಳುವಾದರೂ ಪೊಲೀಸರು ನಿನ್ನನ್ನೇ ಮೊದಲು ಕೇಳಿಕೊಂಡು ಬರುತ್ತಾರಂತೆ. ನನ್ನನ್ನೂ ಅಡಿಯಿಂದ ಮುಡಿಯವರೆಗೆ ನೋಡಿ, "ಸಾ, ಎಲ್ ಕಳುವಾಯ್ತು?" ಅಂತ ಕೇಳಿದ.

ನಿನ್ನ ಹೆಂಡತಿ ಬಾಗಿಲಿಗೆ ಬಂದರು. ನಾನು ಬಾಯಿ ಬಿಡುವ ಮೊದಲೇ ಅಂದರು: "ಅವ್ರು ಊರಲ್ಲಿಲ್ಲ ಸಾ, ಯಾವಾಗ್ ಬತ್ತರೋ ಗೊತ್ತಿಲ್ಲ."

ಅವೇ ಮಾತುಗಳು, ಮಾದು. ನಾನು ಗೌರಿಗೆ ಕಲಿಸಿದವು. ಬಾಗಿಲ ಹಿಂದೆ ಯಾರೋ ಉಸಿರು ಬಿಗಿ ಹಿಡಿದಿದ್ದರು. ಆ ಉಸಿರು ನನಗೆ ಗೊತ್ತು. ಹಾಗೆ ನಿಂತು ನಿಂತು ನನಗೆ ಚೆನ್ನಾಗಿ ಗೊತ್ತು. "ಯಾರ್ ಬಂದಿದ್ರು ಅನ್ಲಿ ಸಾ?" ಅಂತ ಆಕೆ ಕೇಳಿದರು. ನಾಗಣ್ಣ ಅಂತ ಹೇಳುವುದಕ್ಕೆ ಬಾಯಿ ತೆರೆದೆ. "ಯಾರೂ ಇಲ್ಲ ಬುಡವ್ವ" ಅಂದು ಬಂದುಬಿಟ್ಟೆ. ಅಲ್ಲೂ ಓಡಿಹೋದೆ.

ಮನೆಗೆ ಬಂದು ಗೌರಿಗೆ ಹೇಳಿದೆ, ಮುಚ್ಚಿಟ್ಟಿದ್ದನ್ನೆಲ್ಲ. ತಮ್ಮನ ಹೆಸರು ಬಂದಾಗ ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತಳು. ಮತ್ತೆ ಮೂಗೂರಿಗೆ ಹೋಗಬೇಡಿ ಅಂತ ಮಾತ್ರ ಅನ್ನಲಿಲ್ಲ. ವಕೀಲರಿಗೂ ಉಳಿದರ್ಧ ಹೇಳಿದೆ; ಈಗ ನಿಜ ಹೇಳಿದರೆ ನನ್ನ ಮೇಲೂ ಕೇಸಾಗಬಹುದು ಅಂತ ಅವರು ಎಚ್ಚರಿಸಿದ್ದಾರೆ. ಆಗಲಿ. ಈ ಸಲ ಸಮನ್ಸ್ ಬಂದರೆ ಬಾಗಿಲು ತೆಗೆಯುವವನು ನಾನೇ.

ನಿನಗೆ ಓದು ಬರದು ಅಂತ ನನಗೆ ಗೊತ್ತು. ಇದು ನಿನ್ನ ಕೈಗೆ ಕೊಡುವುದಕ್ಕಲ್ಲ. ನಿನ್ನ ಬಾಗಿಲಲ್ಲಿ ಮತ್ತೆ ಬಾಯಿ ಕಟ್ಟಬಾರದು ಅಂತ ಬರೆದುಕೊಂಡು ಬಾಯಿಪಾಠ ಮಾಡುತ್ತಿದ್ದೇನೆ. ಭಾನುವಾರ ಎಲ್ಲರೂ ಮನೆಯಲ್ಲಿರುವ ಹೊತ್ತಿಗೆ ಬರುತ್ತೇನೆ. ನೀನು ಊರಲ್ಲಿಲ್ಲ ಅಂತ ನಿನ್ನ ಹೆಂಡತಿ ಹೇಳಲಿ. ನೀನು ಬಾಗಿಲು ತೆಗೆಯಬೇಡ, ನನ್ನ ಮುಖ ನೋಡಬೇಡ. ನಿಮ್ಮ ಬೀದಿಯಲ್ಲೇ ನಿಂತು, ಆ ಅಂಗಡಿಯವನಿಗೂ ಕೇಳುವಷ್ಟು ಜೋರಾಗಿ ಹೇಳುತ್ತೇನೆ: ಮಾದು ಕಳ್ಳನಲ್ಲ, ಮೋಟಾರು ಕದ್ದವನು ನನ್ನ ಹೆಂಡತಿಯ ತಮ್ಮ, ಸುಳ್ಳು ಹೇಳಿದವನು ನಾನು, ಸಾಕ್ಷಿ ಹೇಳದೆ ಅಡಗಿದವನೂ ನಾನು.

ಭಯವಾಗುತ್ತಿದೆ, ಮಾದು. ಆದರೂ ಬರುತ್ತೇನೆ.