ಗೇಟ್ ಮೊದಲ ತೆಗದಿಡ್ರಿ

ಗಂಗಾವತಿಯಲ್ಲಿ ಮದುವೆ ಮೆರವಣಿಗೆಗೆ ಕುದುರೆ ತರುವವರೊಬ್ಬರು ನಮ್ಮ ಓಣಿಯಲ್ಲೇ ಇದ್ದರು. ಅವರು ಲಗಾಮು ಜಗ್ಗಿದ್ದನ್ನು ನಾನು ಕಂಡಿಲ್ಲ. ಕುದುರೆಯ ಕುತ್ತಿಗೆ ಮೇಲೆ ಅಂಗೈ ಇಟ್ಟು ಪಕ್ಕದಲ್ಲಿ ನಡೆಯುತ್ತಿದ್ದರು. ಯಾರ ಮದುವೆಯಾದರೂ ಅವರದು ಒಂದೇ ಕರಾರು: "ಮಂಟಪದ ಗೇಟ್ ಮೊದಲ ತೆಗದಿಡ್ರಿ." ಬಾಡಿಗೆ ಕುದುರೆಯವರಿಗೆ ಇಷ್ಟು ಗತ್ತೇ ಎಂದು ನಾವು ನಗುತ್ತಿದ್ದೆವು.

ಆ ಕಂದು ಹೆಣ್ಣುಕುದುರೆ ಮೊದಲು ಬೆಂಗಳೂರಿನ ರೇಸಿನಲ್ಲಿ ಓಡುತ್ತಿತ್ತಂತೆ. ಮುಂಗಾಲಿನ ನರ ಹರಿದ ಮೇಲೆ ಮಾಲೀಕರು ಇವರಿಗೆ ಕೊಟ್ಟುಬಿಟ್ಟಿದ್ದರು. "ಭಾಳ ಹೆಸರು ಮಾಡೂದಿತ್ರಿ ಇದು," ಎನ್ನುತ್ತಿದ್ದರು ಇವರು, ಅಷ್ಟೇ.

ನಮ್ಮ ಅಣ್ಣನ ಮದುವೆಯ ದಿನ, ದನ ನುಗ್ಗುತ್ತವೆಂದು ಮಂಟಪದ ಕಾವಲುಗಾರ ಗೇಟ್ ಮುಚ್ಚಿದ್ದ. ಮೆರವಣಿಗೆ ಬಾಗಿಲಿಗೆ ಬಂದಾಗ ಅವಸರದಲ್ಲಿ ಕಬ್ಬಿಣದ ಗೇಟನ್ನು ಧಡ್ಡನೆ ತೆಗೆದ. ಕುದುರೆ ಕಿವಿ ನಿಮಿರಿಸಿ ಒಮ್ಮೆಲೇ ಜಿಗಿದು ಓಡಿತು. ರೇಸ್ ಕುದುರೆಗಳು ಓಟ ಶುರುಮಾಡುವುದೇ ಗೇಟ್ ತೆರೆದ ಸದ್ದಿಗೆ ಎಂದು ನಮಗೆ ಗೊತ್ತಾದದ್ದು ಆಮೇಲೆ. ಬ್ಯಾಂಡಿನವರು ದಿಕ್ಕಾಪಾಲಾದರು. ಬಾಸಿಂಗ ಜಾರಿದ ಅಣ್ಣ ಜೂಲು ಹಿಡಿದುಕೊಂಡು ಹೇಗೋ ಕೂತಿದ್ದ. ಅಂಗಳ ದಾಟಿ, ಮೆಟ್ಟಿಲ ಹತ್ತಿರ ಅದು ಕುಂಟುತ್ತಾ ನಿಂತಿತು.

ನಮ್ಮ ಮಾವ ಬೈಯುತ್ತಲೇ ಹತ್ತಿರ ಹೋದರು. ಕುದುರೆಯವರು ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ನೆಲಕ್ಕೆ ಮಂಡಿಯೂರಿ, ಮುಂಗಾಲು ನೀವುತ್ತಾ ಕುದುರೆಗೆ ಹೇಳುತ್ತಿದ್ದರು:

"ಮುಗೀತವ್ವಾ, ಮುಗೀತು. ನೀನ ಮೊದಲ ಬಂದಿ. ಹಿಂದ ನೋಡು, ಯಾರೂ ಇಲ್ಲ."