ನನಗಿಟ್ಟ ಎಡೆ

ಒಂದು ಕಾಲಕ್ಕೆ ನಾನು ಸಂಜೆ ಏಳೂವರೆಯ ಧಾರಾವಾಹಿಯ ಸೊಸೆ. ನಾನು ಕಣ್ಣೀರು ಹಾಕಿದರೆ ಊರಿನ ಹೆಂಗಸರೆಲ್ಲ ಒಗ್ಗರಣೆ ಸೀಯಲು ಬಿಟ್ಟು ಅಳುತ್ತಿದ್ದರು. ಆಮೇಲೆ ಹತ್ತು ವರ್ಷ ಯಾರೂ ಕರೆಯಲಿಲ್ಲ. ಹುಣಸೂರಿನ ಅಣ್ಣನ ಮನೆಯಲ್ಲಿ ಕೂತು, ಫೋನ್ ಬಂದಾಗಲೆಲ್ಲ ಗಂಟಲು ಸರಿಮಾಡಿಕೊಂಡು "ಹಲೋ" ಎನ್ನುತ್ತಿದ್ದೆ. ಹೆಚ್ಚಿನವು ರಾಂಗ್ ನಂಬರು.

ಕೊನೆಗೊಮ್ಮೆ ಪ್ರೊಡಕ್ಷನ್ ಮ್ಯಾನೇಜರ್ ಒಬ್ಬ ಫೋನ್ ಮಾಡಿದ. ಹೊಸ ಧಾರಾವಾಹಿ, ನಾಯಕಿಯ ತಾಯಿಯ ಪಾತ್ರ. "ತಾಯಿ ಸತ್ತಿರ್ತಾರೆ ಮೇಡಂ, ಆದ್ರೆ ಫ್ಲ್ಯಾಶ್‌ಬ್ಯಾಕಲ್ಲಿ ಪೂರ್ತಿ ನೀವೇ." ಹಾಲು ಕುಡಿದಷ್ಟು ಸಂತೋಷವಾಯಿತು. ಕಂಪಲಾಪುರದಾಚೆ ಒಂದು ಹಳ್ಳಿಮನೆಯಲ್ಲಿ ಶೂಟಿಂಗ್. ಮೊದಲ ದಿನ ನನ್ನ ಫೋಟೊ ತೆಗೆದರು. ಎರಡನೆಯ ದಿನ ಅದಕ್ಕೆ ಕಟ್ಟು ಹಾಕಿಸಿ, ಗಂಧದ ಹಾರ ತೊಡಿಸಿ ಕೋಣೆಯ ಗೋಡೆಗೆ ತೂಗುಹಾಕಿದರು. ಆ ಮನೆಯ ಅಜ್ಜಿಗೆ ಕಣ್ಣಿನ ಪೊರೆ. ಫೋಟೊಗೆ ಮೂಗು ತಾಗುವಷ್ಟು ಹತ್ತಿರ ಹೋಗಿ, "ಎಷ್ಟು ಲಕ್ಸಣವಾಗವ್ಳೆ, ಪಾಪ" ಎಂದರು. ನಾನು ಅವರ ಪಕ್ಕದಲ್ಲೇ ನಿಂತಿದ್ದೆ. ಅವತ್ತು ನಗು ಬಂದಿತ್ತು.

ಮುಂದಿನ ಶೂಟಿಂಗಿಗೂ ಅದೇ ಮನೆ ಎಂದು ಫೋಟೊ ಅಲ್ಲೇ ಉಳಿಯಿತು. ಫ್ಲ್ಯಾಶ್‌ಬ್ಯಾಕಿಗೆ ಮಾತ್ರ ಕರೆ ಬರಲೇ ಇಲ್ಲ. ಟೀವಿಯಲ್ಲಿ ದಿನಾ ಅಳುವ ನಾಯಕಿಯ ಬೆನ್ನ ಹಿಂದೆ ನಾನು ಗೋಡೆಯಲ್ಲಿ ನಗುತ್ತಿದ್ದೆ. ಹಾಲಿನ ಬೂತಿನವನು ನನ್ನನ್ನು ಕಂಡು ಬೆಚ್ಚಿ, "ನೀವಿನ್ನೂ ಇದ್ದೀರಾ ಅಕ್ಕ?" ಎಂದ. ಮ್ಯಾನೇಜರನಿಗೆ ಫೋನ್ ಮಾಡಿದೆ.

"ಜನಕ್ಕೆ ಫೋಟೊನೇ ಒಗ್ಗೋಗಿದೆ ಮೇಡಂ. ಈಗ ನೀವು ಮಾತಾಡಿದ್ರೆ ಚೆನ್ನಾಗಿರಲ್ಲ."

ಮೈ ಉರಿದುಹೋಯಿತು. ಬದುಕಿದ್ದಾಗಲೇ ಹಾರ ಹಾಕಿಸಿಕೊಂಡಿದ್ದು ಅನಿಷ್ಟ, ಆ ಫೋಟೊ ಗೋಡೆ ಬಿಟ್ಟು ಇಳಿಯುವವರೆಗೆ ನನಗೆ ಇನ್ನೊಂದು ಪಾತ್ರ ಸಿಗುವುದಿಲ್ಲ ಎಂಬುದು ತಲೆಗೆ ಹೊಕ್ಕಿತು. ಕಿತ್ತು ತರುವುದೇ ಸೈ ಎಂದು ಬಸ್ಸು ಹತ್ತಿದೆ.

ಹೋಗುವಷ್ಟರಲ್ಲಿ ಸಂಜೆ. ಪಿತೃಪಕ್ಷದ ಹಬ್ಬವೆಂಬುದು ನನಗೆ ನೆನಪೇ ಇರಲಿಲ್ಲ. ತಲೆಬಾಗಿಲು ತೆರೆದಿತ್ತು, ಮನೆಯವರೆಲ್ಲ ಹಿತ್ತಲಲ್ಲಿದ್ದರು. ಸೀದಾ ಕೋಣೆಗೆ ಹೋದೆ. ದೀಪ ಉರಿಯುತ್ತಿತ್ತು. ಅಜ್ಜಿಯ ಗಂಡನ ಹಳೇ ಫೋಟೊದ ಮುಂದೆ ಒಂದು ಬಾಳೆಲೆ, ಬೀಡಿ ಕಟ್ಟು. ನನ್ನ ಫೋಟೊದ ಮುಂದೆ ಇನ್ನೊಂದು ಎಲೆ: ಮುದ್ದೆ, ಬಾಡಿನ ಸಾರು, ಕಜ್ಜಾಯ. ಪಕ್ಕದಲ್ಲಿ ಮಡಿಕೆ ಬಿಚ್ಚದ ಹಸಿರು ಸೀರೆ. ನನಗೆ ಎಡೆ ಇಟ್ಟಿದ್ದರು.

ಫೋಟೊವನ್ನು ಮೊಳೆಯಿಂದ ಎತ್ತಿದೆ. ಅಷ್ಟರಲ್ಲಿ ಬೆನ್ನ ಹಿಂದೆ ಬಾಗಿಲು ಮುಚ್ಚಿತು. ಎಡೆ ಇಟ್ಟ ಮೇಲೆ, ಸತ್ತವರು ನಿರಾಳವಾಗಿ ಉಣ್ಣಲೆಂದು ಬಾಗಿಲು ಎಳೆದುಕೊಂಡು ಹೊರಗೆ ಕಾಯುವುದು ನಮ್ಮ ಕಡೆಯ ರೂಢಿ. ಎಳೆದುಕೊಂಡ ಅಜ್ಜಿಗೆ ನಾನು ಕಂಡಿರಲಿಲ್ಲ.

ಹೊರಗೆ ಅಜ್ಜಿಯ ಸೊಸೆಯ ದನಿ: "ಆಯಮ್ಮ ನಮಗೇನಾಗಬೇಕು ಅಂತ ಎಡೆ ಇಟ್ರಿ ಅತ್ತೆ? ಸತ್ತವ್ಳೋ ಬದುಕವ್ಳೋ ಯಾರ್ಗೊತ್ತು."

"ಬದುಕಿರೋರ್ಗೆ ಯಾರಾರಾ ಆರ ಆಕ್ತಾರಾ? ಏನಾಗಬೇಕು ಅಂತ ಕೇಳ್ಬ್ಯಾಡ ಬುಡು. ನಮ್ಮನೆ ಗ್ವಾಡೇಲವ್ಳೆ ಕಣವ್ವ, ಉಪಾಸ ಮಡಗಕ್ಕಾದದಾ?"

ಕೂಗಿಕೊಳ್ಳಬೇಕಿತ್ತು. ಒಂದೇ ಟೇಕಿನಲ್ಲಿ ಎರಡು ಪುಟ ಡೈಲಾಗ್ ಹೇಳುತ್ತಿದ್ದವಳಿಗೆ "ನಾನು ಬದುಕಿದ್ದೇನೆ" ಎಂಬ ಎರಡು ಪದ ಬಾಯಿಗೆ ಬರಲಿಲ್ಲ. ಸಾರಿನಿಂದ ಹಬೆ ಏಳುತ್ತಿತ್ತು. ಬೆಳಗಿನಿಂದ ಏನೂ ತಿಂದಿರಲಿಲ್ಲ. ಕೂತು ಉಂಡೆ. ಉಣ್ಣುತ್ತಾ ಕಣ್ಣೀರು ಬಂತು; ಗ್ಲಿಸರಿನ್ ಇಲ್ಲದೆ ಅತ್ತು ಎಷ್ಟೋ ವರ್ಷವಾಗಿತ್ತು. ಹತ್ತು ವರ್ಷದಲ್ಲಿ ಜನ ನನಗಾಗಿ ಬಾಗಿಲ ಹೊರಗೆ ಕಾದಿದ್ದು ಇಲ್ಲಿ ಮಾತ್ರ.

ಎಲೆ ಬರಿದಾದ ಮೇಲೆ ಫೋಟೊವನ್ನು ತಿರುಗಿ ಮೊಳೆಗೆ ಹಾಕಿದೆ. ಹಾರ ಸರಿಮಾಡಿದೆ. ಹಸಿರು ಸೀರೆ ಬಿಚ್ಚಿ ಹೆಗಲ ಮೇಲೆ ಹೊದ್ದುಕೊಂಡೆ.

ಬಾಗಿಲು ತೆಗೆಯುವ ಮುಂಚೆ ಹೊರಗಿನವರು ಮೂರು ಸಲ ತಟ್ಟುತ್ತಾರೆ, ಸತ್ತವರು ಎದ್ದು ಹೋಗಲೆಂದು. ಒಳಗಿನಿಂದ ಉತ್ತರ ಬರುತ್ತದೆಂದು ಯಾರೂ ಎಣಿಸಿರುವುದಿಲ್ಲ.

ಅಜ್ಜಿ ತಟ್ಟಿದರು. ನಾನು ಗಂಟಲು ಸರಿಮಾಡಿಕೊಂಡೆ.

"ಬನ್ನಿ" ಎಂದೆ.