ಕಪ್ಪೆ ಗೇಮಿನ ಸಾದಿಕ್

ತುಮಕೂರಿನ ಗುಬ್ಬಿ ಗೇಟಿನ ಹತ್ತಿರ ಗುರುಸಿದ್ದಯ್ಯನವರ ವಿಡಿಯೋ ಗೇಮ್ ಅಂಗಡಿ ನಡೆಯುತ್ತಿದ್ದ ಕಾಲದಲ್ಲಿ ಸಾದಿಕ್‌ಗೆ ಹತ್ತೂ ಬೆರಳಿದ್ದವು. ಸೊಕ್ಕು ಮಾತ್ರ ಇಪ್ಪತ್ತು ಬೆರಳಿಗಾಗುವಷ್ಟಿತ್ತು. ತೊಂಬತ್ತರ ದಶಕದ ಮಾತು. ಶಟರ್ ಬಾಗಿಲಿನ ಆ ಸಣ್ಣ ಕೋಣೆಯಲ್ಲಿ ನಾಲ್ಕು ಟೀವಿ, ಒಂದೊಂದಕ್ಕೂ ಒಂದು ಗೇಮ್ ಡಬ್ಬ, ಡಬ್ಬದ ತಲೆಗೆ ಚುಚ್ಚುವ ಹಳದಿ ಕ್ಯಾಸೆಟ್. ಎಲ್ಲರೂ ಮುಗಿಬೀಳುತ್ತಿದ್ದುದು ಕಪ್ಪೆ ಗೇಮಿಗೆ. ಆಟದ ನಿಜವಾದ ಹೆಸರು ಜಪಾನಿ ಅಕ್ಷರದಲ್ಲಿತ್ತು, ಅದನ್ನು ಓದುವವರು ತುಮಕೂರಿನಲ್ಲಿ ಯಾರಿದ್ದರು? ಟೋಪಿ ಹಾಕಿದ ಒಂದು ಕಪ್ಪೆ ಗುಂಡಿಗಳನ್ನು ಹಾರಿ, ಕಣಜಗಳಿಂದ ತಪ್ಪಿಸಿಕೊಂಡು, ಹದ್ದಿನ ಕಾಲಡಿ ನುಸುಳಿ ಕೊನೆಗೆ ಕೋಟೆ ಸೇರಬೇಕು. ಸಾದಿಕ್ ಆಡಲು ಕೂತರೆ ಪಕ್ಕದವರು ತಮ್ಮ ಆಟ ಬಿಟ್ಟು ಇವನ ಟೀವಿಯನ್ನೇ ನೋಡುತ್ತಿದ್ದರು. ಅವನಷ್ಟು ಬೇಗ ಕೋಟೆ ಮುಟ್ಟಿದವನು ಇನ್ನೊಬ್ಬನಿರಲಿಲ್ಲ.

ಎರಡನೆಯವನು ಅಂಜನ್, ಅಕ್ಕಿ ಗಿರಣಿ ಮಾಲೀಕರ ಮಗ. ಮನೆಯಲ್ಲೇ ಗೇಮ್ ಡಬ್ಬ ಇಟ್ಟುಕೊಂಡು ಅಭ್ಯಾಸ ಮಾಡಿ ಬರುತ್ತಿದ್ದ, ಬಂದು ಸೋಲುತ್ತಿದ್ದ. ಸೋತವನನ್ನು ಸುಮ್ಮನೆ ಬಿಡುವ ಗುಣ ಸಾದಿಕ್‌ಗೆ ದೇವರು ಕೊಟ್ಟಿರಲಿಲ್ಲ. ಒಂದು ಸಲ ಪಂದ್ಯ ಕಟ್ಟಿ ಸೋತ ಅಂಜನ್‌ನ ಕೈಯಲ್ಲೇ ಕಿವಿ ಹಿಡಿಸಿ, ಅಂಗಡಿಯಿಂದ ಸರ್ಕಲ್‌ವರೆಗೆ ಕಪ್ಪೆಯ ಹಾಗೆ ಕುಪ್ಪಳಿಸುವಂತೆ ಮಾಡಿದ. ಸಂತೆಗೆ ಬಂದ ಹೆಂಗಸರೂ ನಿಂತು ನಕ್ಕರು. ಅಂಜನ್ ಮೊಣಕಾಲಿನ ಧೂಳು ಕೊಡವಿಕೊಂಡು, ಒಂದು ಮಾತೂ ಆಡದೆ ಮನೆಗೆ ಹೋದ. ಬೈದು ಹೋಗಿದ್ದರೆ ಚೆನ್ನಾಗಿತ್ತು. ಬೈಯದೆ ಹೋದವರ ಲೆಕ್ಕ ಬೇಗ ತೀರುವುದಿಲ್ಲ.

ಆಮೇಲೆ ಸಾದಿಕ್ ಸತ್ಯಮಂಗಲದ ಒಂದು ಸಣ್ಣ ಕಾರ್ಖಾನೆಗೆ ಸೇರಿದ. ತಗಡು ಒತ್ತುವ ಪ್ರೆಸ್ಸಿನ ಕೆಲಸ. ಕೈಗೆ ಅಡ್ಡವಾಗಿ ಒಂದು ಜಾಲರಿ ಇತ್ತು, ಅದಿದ್ದರೆ ಕೆಲಸ ನಿಧಾನ ಎಂದು ಸೂಪರ್‌ವೈಸರ್ ಬಿಚ್ಚಿಸಿದ. ಬೇರೆಯವರು ಹೆದರಿದರು. ಇವನು ಮಾತ್ರ, "ಪ್ರೆಸ್ ಇಳಿಯೋದ್ರೊಳಗೆ ನಾನು ಕೈ ತೆಗ್ದು ಬೀಡಿ ಹಚ್ಚಿರ್ತೀನಿ ಬುಡಿ ಸಾರ್" ಎಂದು ಜಂಬ ಕೊಚ್ಚಿದ. ಪ್ರೆಸ್ಸಿಗೆ ಜಂಬ ಅರ್ಥವಾಗುವುದಿಲ್ಲ. ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಹೋದವು. ಆಸ್ಪತ್ರೆಯಿಂದ ಬಂದ ಮೇಲೆ ಕಾರ್ಖಾನೆಯವರು ಅವನಿಗೆ ಗೇಟು ತೋರಿಸಿದರು. ಊರಿನವರು ಹೊಸ ಹೆಸರು ಕೊಟ್ಟರು: ಮೊಂಡ. ಬಿದ್ದವರಿಗೆ ಆಳಿಗೊಂದು ಕಲ್ಲು ಅಂತಾರಲ್ಲ, ಹಾಗೆ. ಹಿಂದೆ ಅವನ ಬೆನ್ನು ತಟ್ಟಿದವರೇ ಚಹಾದಂಗಡಿಯಲ್ಲಿ, "ಏನ್ಲಾ ಮೊಂಡ, ಒಂದ್ ಆಟ ಆಡಾಣ ಬತ್ತೀಯಾ?" ಎಂದು ಕೇಳಿ ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದರು.

ಅವನಿಗೆ ಹೋದ ಬೆರಳಿಗಿಂತ ಹೋದ ಹೆಸರಿನ ಸಂಕಟ ಹೆಚ್ಚು. ತಾಯಿ ಅಮೀನಾ ಬೀ ಮನೆಯಲ್ಲಿ ಊದುಬತ್ತಿ ಹೊಸೆಯುತ್ತಿದ್ದಳು, ಅದನ್ನು ಸೈಕಲ್ಲಿನಲ್ಲಿ ಹೊತ್ತು ಅಂಗಡಿಗಳಿಗೆ ಮುಟ್ಟಿಸುವುದು ಅವನ ಕೆಲಸವಾಯಿತು. ಅಮೀನಾ ಬೀಗೆ ಮಗನ ಆಟ ಎಂದರೆ ಏನೆಂದೇ ಗೊತ್ತಿರಲಿಲ್ಲ. ಅಂಗಡಿಯಲ್ಲಿ ಕೂತು ಪೋಲಿ ಹುಡುಗರ ಜೊತೆ ಏನೋ ಮಾಡುತ್ತಿದ್ದ, ಅಷ್ಟೇ ಗೊತ್ತು. "ಹತ್ತು ಬೆರಳಿದ್ದಾಗ ಒಂದು ದಿನನೂ ನಾಲ್ಕು ಜನ ಮೆಚ್ಚೋ ಕೆಲಸ ಮಾಡ್ಲಿಲ್ಲ" ಎಂದು ಅವಳು ಊಟ ಬಡಿಸುತ್ತಾ ಹೇಳಿದ ಮಾತನ್ನು ಅವನು ಮರೆಯಲಿಲ್ಲ.

ಕ್ಯಾತ್ಸಂದ್ರದಲ್ಲಿ ಅವನ ಹಳೆಯ ಸ್ನೇಹಿತ ಕಾಂತೇಶ್ ಸೈಬರ್ ಸೆಂಟರ್ ಇಟ್ಟಿದ್ದ. ಗುಬ್ಬಿಯವನು, ಮೆತ್ತಗಿನ ಮನುಷ್ಯ. ಎರಡು ಸಾವಿರದ ಐದರ ಸುಮಾರಿಗೆ ಒಂದು ಮಧ್ಯಾಹ್ನ ಸಾದಿಕ್ ಅಲ್ಲಿಗೆ ನೀರು ಕುಡಿಯಲು ಹೋದಾಗ ಕಾಂತೇಶ್ ಅವನನ್ನು ಒಂದು ಕಂಪ್ಯೂಟರಿನ ಮುಂದೆ ಕೂರಿಸಿದ. ಯಾವುದೋ ದೇಶದವನು ಯಾವುದೋ ಹಳೆಯ ಟೀವಿ ಗೇಮನ್ನು ಆಡಿದ ವಿಡಿಯೋ. ಅದರ ಬೊಂಬೆ ಮನುಷ್ಯರ ಕೈಗೆ ಸಾಧ್ಯವೇ ಇಲ್ಲದ ವೇಗದಲ್ಲಿ ಓಡುತ್ತಿತ್ತು.

"ಇದು ಕೈಯಲ್ಲಿ ಆಡಿದ್ದಲ್ಲ ಕಣೋ" ಎಂದ ಕಾಂತೇಶ್. "ಟೀವಿ ಚಿತ್ರ ಸೆಕೆಂಡಿಗೆ ಅರವತ್ತು ಸಲ ಬದಲಾಗುತ್ತಲ್ಲ, ಈ ಸಾಫ್ಟ್‌ವೇರಲ್ಲಿ ಒಂದೊಂದು ಚಿತ್ರಕ್ಕೂ ಆಟ ನಿಲ್ಲಿಸ್ಬೋದು. ನಿಲ್ಸಿ, ಯೋಚ್ನೆ ಮಾಡಿ, ಯಾವ ಬಟನ್ ಬೇಕೋ ಅದು ಒತ್ತೋದು. ತಪ್ಪಾಯ್ತಾ, ಹಿಂದಕ್ಕೆ ಹೋಗಿ ತಿದ್ದೋದು. ಎಲ್ಲಾ ಮುಗಿದ್ಮೇಲೆ ಒತ್ತಿದ ಬಟನ್‌ಗಳನ್ನ ಒಟ್ಟಿಗೆ ಬಿಟ್ರೆ ಆಟ ಅದರ ಪಾಡಿಗೆ ಹಿಂಗೆ ಓಡುತ್ತೆ. ಮೋಸ ಅಲ್ಲ, ಇದನ್ನ ಮಾಡೋರದೇ ಒಂದು ಗುಂಪಿದೆ."

ಸಾದಿಕ್ ತನ್ನ ಬಲಗೈಯನ್ನು ನೋಡಿಕೊಂಡ. "ಇದಕ್ಕೆ ಎಷ್ಟು ಬೆರಳು ಬೇಕು?"

"ಒಂದು ಸಾಕು."

ಅಲ್ಲಿಂದ ಎರಡು ವರ್ಷ ಅವನು ಕ್ಯಾತ್ಸಂದ್ರದ ಆ ಮೂಲೆಯ ಕಂಪ್ಯೂಟರಿಗೆ ಅಂಟಿಕೊಂಡ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಎಡಗೈಯ ಒಂದು ಬೆರಳಲ್ಲಿ ಕಪ್ಪೆ ಗೇಮನ್ನು ಕೂದಲು ಸೀಳಿದ ಹಾಗೆ ಸೀಳಿದ. ಆಟದ ಹೊಟ್ಟೆಯೊಳಗೆ ಎಂಥೆಂಥ ಗುಟ್ಟುಗಳಿದ್ದವು! ಕಣಜ ಹಿಂದಿನಿಂದ ಕುಟುಕಿದರೆ ಕಪ್ಪೆ ಮುಂದಕ್ಕೆ ಚಿಮ್ಮುತ್ತದೆ, ಆ ಚಿಮ್ಮುವಿಕೆಯಲ್ಲೇ ದೊಡ್ಡ ಗುಂಡಿ ದಾಟಬಹುದು. ಎಲ್ಲರೂ ತಪ್ಪಿಸಿಕೊಳ್ಳುವ ಏಟನ್ನು ಅವನು ಬೇಕೆಂದೇ ತಿನ್ನಿಸಿದ. ಮೂರನೇ ಹಂತದ ಹದ್ದು ಎಡಕ್ಕೆ ಹಾರುತ್ತದೋ ಬಲಕ್ಕೋ ಎಂಬುದನ್ನು ಅದೃಷ್ಟ ಎಂದೇ ಎಲ್ಲರೂ ನಂಬಿದ್ದರು. ಅದು ಅದೃಷ್ಟವಲ್ಲ, ಆಟ ಶುರುವಾಗಿ ಎಷ್ಟು ಹೊತ್ತಾಯಿತು ಎಂಬುದರ ಮೇಲೆ ನಿಂತಿದೆ ಎಂದು ಅವನಿಗೆ ತಿಳಿದು ವಾರಗಟ್ಟಲೆ ಸರಿಯಾಗಿ ಊಟ ಸೇರಲಿಲ್ಲ. ಕಣ್ಣು ಮಿಟುಕಿಸುವಷ್ಟು ಮುಂಚೆ ಬಂದರೆ ಹದ್ದು ಎಡಕ್ಕೆ, ತಡವಾದರೆ ಬಲಕ್ಕೆ. ಆ ಹದ್ದು ಎಡಕ್ಕೆ ಹೋಗಲೆಂದು ಮೊದಲ ಹಂತದಲ್ಲೇ ಕಪ್ಪೆಯ ಒಂದು ಹಾರಾಟವನ್ನು ತಿದ್ದಿದ. ಒಂದು ಕಡೆ ತಿದ್ದಿದರೆ ಅಲ್ಲಿಂದ ಮುಂದಿನದೆಲ್ಲ ಕೆಡುತ್ತಿತ್ತು. ಮತ್ತೆ ಮೊದಲಿಂದ ಹೊಲಿಯುತ್ತಿದ್ದ. ಹೊಲಿದು ಮುಗಿಸಿದ ದಿನ ಕಪ್ಪೆ ಎಲ್ಲೂ ನಿಲ್ಲದೆ ಕೋಟೆಗೆ ಹೋಗಿ ಬಿತ್ತು, ಕಾಂತೇಶ್ ಕುರ್ಚಿಯಿಂದೆದ್ದು ಸಿಳ್ಳೆ ಹೊಡೆದ. ಸಾದಿಕ್ ಅತ್ತುಬಿಟ್ಟ.

"ಇದನ್ನ ಅಮ್ಮಿ ನೋಡ್ಬೇಕು. ಗುಬ್ಬಿ ಗೇಟಿನೋರೆಲ್ಲ ನೋಡ್ಬೇಕು" ಎಂದ. ಅವನಿಗೆ ಬೇಕಿದ್ದುದು ಅಷ್ಟೇ. ಒಂದೇ ಒಂದು ಸಲ, ಮೊಂಡ ಎಂದವರ ಮುಂದೆ, ತಾಯಿಯ ಎದುರಿಗೆ.

ಹೊರಪೇಟೆಯಲ್ಲಿ ಅಂಜನ್ ಆಗಷ್ಟೇ ದೊಡ್ಡ ಗೇಮಿಂಗ್ ಸೆಂಟರ್ ತೆರೆದಿದ್ದ. ಏಸಿ, ಹೊಸ ಕಂಪ್ಯೂಟರುಗಳು, ಗೋಡೆಯ ತುಂಬ ಪ್ರೊಜೆಕ್ಟರ್ ಪರದೆ. ಸುದ್ದಿ ಅವನ ಕಿವಿಗೆ ಬಿದ್ದು, ತಾನೇ ಕ್ಯಾತ್ಸಂದ್ರಕ್ಕೆ ಬಂದ. ಸಾದಿಕ್‌ನ ಹೆಗಲ ಮೇಲೆ ಕೈ ಹಾಕಿದ. "ನನ್ ಅಂಗಡೀಲೇ ತೋರ್ಸು ಗುರು. ಹಳೇ ಜನಾನೆಲ್ಲ ಕರೆಸ್ತೀನಿ, ಕುಣಿಗಲ್ ಕಡೆಯೋರೂ ಬರ್ತಾರೆ. ಒಂದೇ ಮಾತು, ಕಪ್ಪೆ ಗೇಮು ಮಾತ್ರ ನನ್ ಕಂಪ್ಯೂಟರಲ್ಲಿರೋದೇ ಆಗ್ಬೇಕು. ನಿನ್ ಗೇಮಿಗೆ ಏನಾದ್ರೂ ಮದ್ದು ಹಾಕಿದೀಯ ಅಂತ ನಾಳೆ ಯಾರೂ ಅನ್ಬಾರ್ದಲ್ಲ? ನಿನ್ ಬಟನ್ ಫೈಲ್ ಇವತ್ತೇ ಕೊಟ್ಟಿರು, ಹಾಕಿಟ್ಟಿರ್ತೀನಿ."

ಸಾದಿಕ್ ಕೊಟ್ಟ. ಕಾಂತೇಶ್ ಪಕ್ಕಕ್ಕೆ ಎಳೆದು, "ಆ ಫೈಲಲ್ಲಿ ಕಪ್ಪೆ ಇಲ್ಲ ಕಣೋ, ಬರೀ ಬಟನ್ ಒತ್ತಿದ್ದಿರೋದು. ಅವನ ಗೇಮು ಹೆಂಗಿದ್ಯೋ, ಒಂದ್ಸಲ ಹೋಗಿ ಹಾಕಿ ನೋಡ್ಕೊಂಡು ಬರಾಣ" ಎಂದ.

"ಕಪ್ಪೆ ಗೇಮು ಕಪ್ಪೆ ಗೇಮೇ. ಅದು ನಂಗೆ ಹೊಸದಾ? ನೋಡೋಕೆ ಹೋದ್ರೆ ಹೆದರ್ಕೊಂಡ ಅಂತಾನೆ" ಎಂದು ಸಾದಿಕ್ ಕೈ ಕೊಡವಿದ. ಪ್ರೆಸ್ಸು ಮೂರು ಬೆರಳು ತಿಂದಿತ್ತು, ಜಂಬವನ್ನು ತಿಂದಿರಲಿಲ್ಲ.

ಅವನಿಗೆ ಗೊತ್ತಿಲ್ಲದ್ದೇನೆಂದರೆ, ನಮ್ಮ ಕಡೆ ಬರುತ್ತಿದ್ದುದೆಲ್ಲ ಕಳ್ಳ ಕ್ಯಾಸೆಟ್ಟು. ಕಂಪ್ಯೂಟರಿನ ಗೇಮುಗಳೂ ಅವುಗಳಿಂದಲೇ ಇಳಿಸಿಕೊಂಡವು, ಕಾಂತೇಶ್‌ನದು ಒಂದು ಕ್ಯಾಸೆಟ್ಟಿನಿಂದ, ಅಂಜನ್‌ನದು ಇನ್ನೊಂದರಿಂದ. ನಕಲು ಮಾಡಿದವರು ಆಟದ ಶುರುವಿಗೆ ತಮ್ಮ ಹೆಸರಿನ ಒಂದು ಚಿತ್ರ ಅಂಟಿಸುತ್ತಿದ್ದರು. ಒಬ್ಬನ ಚಿತ್ರ ಇನ್ನೊಬ್ಬನದಕ್ಕಿಂತ ಒಂದು ರವಷ್ಟು ಹೊತ್ತು ಹೆಚ್ಚಿಗೆ ನಿಲ್ಲುತ್ತಿತ್ತು. ಕೈಯಲ್ಲಿ ಆಡುವವನಿಗೆ ಅದರಿಂದ ಏನೂ ಆಗುವುದಿಲ್ಲ. ಚಿತ್ರಕ್ಕೆ ಚಿತ್ರ ಎಣಿಸಿ ಹೊಲಿದವನಿಗೆ ಅದೇ ಸಾವು.

ಭಾನುವಾರ ಸೆಂಟರ್ ಕಿಕ್ಕಿರಿದಿತ್ತು. ಮುಂದಿನ ಸಾಲಿನಲ್ಲಿ ಬಿಳಿ ಪಂಚೆಯ ಗುರುಸಿದ್ದಯ್ಯನವರು. ಅವರ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಬುರ್ಖಾದ ಮುಸುಕು ಹಿಂದಕ್ಕೆ ಸರಿಸಿ, ಏನು ನೋಡಬೇಕೆಂದು ತಿಳಿಯದೆ ಎಲ್ಲರನ್ನೂ ನೋಡುತ್ತ ಅಮೀನಾ ಬೀ. ಇಸ್ತ್ರಿ ಮಾಡಿದ ಅಂಗಿಯ ಸಾದಿಕ್ ಎದ್ದು ನಿಂತು, ಎರಡು ವರ್ಷ ಹೇಗೆ ಕೆಲಸ ಮಾಡಿದೆ ಎಂಬುದನ್ನು ಮುಚ್ಚುಮರೆ ಇಲ್ಲದೆ ಹೇಳಿದ. "ಕೈಯಲ್ಲಿ ಆಡಿದ್ದಲ್ಲ, ತಲೇಲಿ ಆಡಿದ್ದು. ತುಮಕೂರಲ್ಲಿ ಇಷ್ಟು ಬೇಗ ಯಾರೂ ಕೋಟೆ ಮುಟ್ಟಿಲ್ಲ, ಮುಟ್ಟೋದೂ ಇಲ್ಲ" ಎಂದ. ಅಂಜನ್ ಮೌಸ್ ಒತ್ತಿದ.

ಕಪ್ಪೆ ಹೊರಟಿತು. ಮೊದಲ ಗುಂಡಿಯನ್ನು ಹಾರಿತು, ಜನ ಓ ಎಂದರು. ಎರಡನೇ ಗುಂಡಿಯ ಹತ್ತಿರ ಬಂದ ಕಣಜ ಎಂದಿನಂತೆ ಹಿಂದಿನಿಂದ ಬರಲಿಲ್ಲ, ಮುಂದಿನಿಂದ ಬಂತು. ಕಪ್ಪೆ ಏಟು ತಿಂದು ಹಿಂದಕ್ಕೆ ಬಿತ್ತು. ಬಟನ್‌ಗಳಿಗೆ ಕಣ್ಣಿಲ್ಲ, ಅವು ತಮ್ಮ ಪಾಡಿಗೆ ಒತ್ತಿಕೊಳ್ಳುತ್ತಲೇ ಹೋದವು. ಕಪ್ಪೆ ಗೋಡೆಗೆ ಮುಖ ಕೊಟ್ಟು ಓಡಿತು. ನಿಂತಲ್ಲೇ ಕುಪ್ಪಳಿಸಿತು. ತಿರುಗಿ ಬಂದ ದಾರಿಯಲ್ಲೇ ಓಡಿ ಗುಂಡಿಗೆ ಬಿತ್ತು. ಮತ್ತೆ ಹುಟ್ಟಿ ಬಂದು, ಬಹಳ ಉತ್ಸಾಹದಿಂದ ಅದೇ ಗುಂಡಿಗೆ ಬಿತ್ತು.

ಮೊದಲು ಒಬ್ಬ ನಕ್ಕ. ಆಮೇಲೆ ಇಡೀ ಸೆಂಟರ್ ನಕ್ಕಿತು. "ತಲೇಲಿ ಆಡಿದ್ದಂತೆ ಕಣ್ರಲಾ! ತಲೆನೂ ಮೊಂಡ!" ಎಂದು ಯಾರೋ ಕೂಗಿದರು. ಗುರುಸಿದ್ದಯ್ಯನವರು ತಡೆಯಲಾರದೆ ಹೆಗಲ ವಸ್ತ್ರವನ್ನು ಬಾಯಿಗೆ ಒತ್ತಿಕೊಂಡರು. ಸಾದಿಕ್ "ನಿಲ್ಸು, ಅಂಜನ್, ನಿಲ್ಸು" ಎಂದ. ಅಂಜನ್ ಕೈಕಟ್ಟಿ ನಿಂತಿದ್ದ. "ಪೂರ್ತಿ ನೋಡಾಣ ಇರು ಗುರು, ಎರಡು ವರ್ಷದ ಶ್ರಮ" ಎಂದ. ಕಪ್ಪೆಯ ಪ್ರಾಣಗಳೆಲ್ಲ ಮುಗಿದು ಆಟವೇ ನಿಲ್ಲುವವರೆಗೂ ಓಡಿಸಿದ.

ಸಾದಿಕ್ ತಾಯಿಯ ಕಡೆ ತಿರುಗಿದ. ಅಮೀನಾ ಬೀಯೂ ನಗುತ್ತಿದ್ದಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ. ಅವಳಿಗೆ ಆಟ ಗೊತ್ತಿಲ್ಲ, ಕೋಟೆ ಗೊತ್ತಿಲ್ಲ. ಊರಿನ ದೊಡ್ಡವರೆಲ್ಲ ಸೇರಿ ತನ್ನ ಮಗ ಮಾಡಿದ್ದನ್ನು ನೋಡಿ ಇಷ್ಟು ನಗುತ್ತಿದ್ದಾರೆ ಎಂದರೆ ನಗಿಸಲೆಂದೇ ಮಾಡಿದ್ದಾನೆ ಎಂದುಕೊಂಡಿದ್ದಳು. ಎದ್ದು ಬಂದು ಅವನ ಮೊಂಡು ಕೈಯನ್ನು ಎರಡೂ ಕೈಯಲ್ಲಿ ಹಿಡಿದಳು.

"ಎಷ್ಟು ಚೆನ್ನಾಗಿ ಮಾಡಿದೀಯ ಬೇಟಾ! ಒಬ್ರಾದ್ರೂ ನಗ್ದೆ ಇದ್ರಾ?"

ಸಾದಿಕ್ ಕೈ ಬಿಡಿಸಿಕೊಳ್ಳಲಿಲ್ಲ. ತಾಯಿ ಅವನ ಬಗ್ಗೆ ಹೆಮ್ಮೆ ಪಟ್ಟಿದ್ದನ್ನು ಅವನು ಹುಟ್ಟಿದಾರಭ್ಯ ನೋಡಿರಲಿಲ್ಲ.

ವಾರ ಕಳೆದ ಮೇಲೆ ಕಾಂತೇಶ್ ಗುಬ್ಬಿ ಗೇಟಿನವರ ಮನೆಮನೆಗೆ ಹೋದ. ತನ್ನ ಸೆಂಟರಿನ ಕಂಪ್ಯೂಟರಿನಲ್ಲಿ ಕಪ್ಪೆ ಸರಿಯಾಗಿ ಓಡುವುದನ್ನು ನೋಡಿ ಬನ್ನಿ ಎಂದು ಕರೆದ. ಒಬ್ಬರೂ ಬರಲಿಲ್ಲ. ನಗು ಸಿಕ್ಕಿದ ಮೇಲೆ ಸತ್ಯ ಯಾರಿಗೆ ಬೇಕು? ಬಂದವನು ಅಂಜನ್ ಒಬ್ಬನೇ. ಕಪ್ಪೆ ಕೋಟೆ ಮುಟ್ಟುವವರೆಗೆ ಕಣ್ಣು ಕೀಳದೆ ನೋಡಿ, ಅಲ್ಲೇ ಕೂತಿದ್ದ ಸಾದಿಕ್ ಕಡೆ ತಿರುಗಿದ.

"ಅದ್ಭುತ ಕಣೋ. ದೇವ್ರಾಣೆ ಅದ್ಭುತ. ಆದ್ರೆ ಇದನ್ನ ಎರಡ್ನೇ ಸಲ ಯಾರೂ ನೋಡಲ್ಲ. ಭಾನುವಾರದ್ದನ್ನ ದಿನಾ ಕೇಳ್ತಾರೆ." ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಹೇಳಿದ. "ಶನಿವಾರಾನೇ ನಾನು ಹಾಕಿ ನೋಡಿದ್ದೆ. ಕೆಡುತ್ತೆ ಅಂತ ಗೊತ್ತಾಗೇ ಇನ್ನೂ ಜಾಸ್ತಿ ಜನ ಕರೆಸಿದ್ದು. ಸರ್ಕಲ್ ತನಕ ಕುಪ್ಪಳಿಸ್ಕೊಂಡು ಹೋದೋನು ನಾನು, ಮರೀತೀನಾ? ಈಗ ಸಮ ಆಯ್ತು. ಕೌಂಟರಲ್ಲಿ ಕೂತ್ಕೊಳೋಕೆ ಒಬ್ರು ಬೇಕು ನಂಗೆ. ಬರ್ತೀಯಾ? ಜನ ಕೇಳ್ದಾಗ ನೀನೇ ಅದನ್ನ ಹಾಕ್ಬೇಕು."

ಕಾಂತೇಶ್ ಅವನ ಕುತ್ತಿಗೆಪಟ್ಟಿಗೆ ಕೈ ಹಾಕಲು ಹೋದ. ಸಾದಿಕ್ ತಡೆದ. ಮನೆಯಲ್ಲಿ ಅಮೀನಾ ಬೀ ಊದುಬತ್ತಿ ಹೊಸೆಯುವ ಹೆಂಗಸರಿಗೆಲ್ಲ ಮಗನ ಭಾನುವಾರವನ್ನು ವರ್ಣಿಸಿ ಸುಸ್ತಾಗಿರಲಿಲ್ಲ. ಅಂಥ ಅಂಗಡಿಯವನೇ ಮಗನನ್ನು ಕರೆದ ಎಂದರೆ ಅವಳು ಎಷ್ಟು ಹಿಗ್ಗುತ್ತಾಳೆಂದು ಅವನಿಗೆ ಗೊತ್ತಿತ್ತು.

ಸಾದಿಕ್ ಆ ಕೌಂಟರಿನಲ್ಲಿ ಕೂತ. ಹೊಸ ಗಿರಾಕಿಗಳು ಬಂದು, "ಅಣ್ಣ, ಆ ಕಪ್ಪೇದು ಹಾಕಣ್ಣ" ಎಂದರೆ ಎಡಗೈಯ ಬೆರಳಲ್ಲಿ ಒತ್ತುತ್ತಾನೆ. ಮಧ್ಯಾಹ್ನ ಬುತ್ತಿ ತಂದ ಅಮೀನಾ ಬೀ ಒಂದು ಕುರ್ಚಿ ಎಳೆದುಕೊಂಡು, "ನನ್ ಮಗ ಮಾಡಿದ್ದು" ಎಂದು ಪಕ್ಕದವರಿಗೆ ಹೇಳಿ ಕೂರುತ್ತಾಳೆ. ಕಪ್ಪೆ ಗೋಡೆಗೆ ಮುಖ ಕೊಡುತ್ತದೆ, ತಿರುಗುತ್ತದೆ, ಗುಂಡಿಯ ಕಡೆ ಓಡುತ್ತದೆ. ಅದು ಯಾವ ಚಿತ್ರದಲ್ಲಿ ಬೀಳುತ್ತದೆ ಎಂಬುದು ಸಾದಿಕ್‌ಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಬೀಳುವುದಕ್ಕೆ ಒಂದು ರವಷ್ಟು ಮುಂಚೆ, ಉಳಿದವರು ಬಾಯಿ ತೆರೆಯುವ ಮೊದಲೇ, ಅವನು ಗಟ್ಟಿಯಾಗಿ ನಗುತ್ತಾನೆ.